ಹೆಡ್ ಗ್ಯಾಸ್ಕೆಟ್ ಬದಲಿಸಿದ ಮೇಲೂ ಬಿಳಿ ಹೊಗೆ ನಿಲ್ಲುತ್ತಿಲ್ಲ

ಪ್ರಶ್ನೆ: ನಾಲ್ಕು ಸಿಲಿಂಡರ್‌ನ ಪೆಟ್ರೋಲ್ ಕಾರು. ಓವರ್‌ಹೀಟ್ ಆಗಿ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲಿನ ಹೆಡ್‌ಗೂ ಕೆಳಗಿನ ಬ್ಲಾಕ್‌ಗೂ ಮಧ್ಯದ ಸೀಲ್) ಹೋಗಿತ್ತು, ಹೊಸದು ಹಾಕಿಸಿದೆ. ಆದರೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತಲೇ ಇದೆ. ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ನಿಂತಿದೆ. ಆಯಿಲ್ ಕೂಡ ಬೆಳ್ಳಗಾಗಿಲ್ಲ. ಮೆಕ್ಯಾನಿಕ್ ಕೇಳಿದರೆ "ಓಡಿಸಿ ಸರ್, ತಾನಾಗೇ ಹೋಗುತ್ತೆ" ಅಂತಾರೆ. ನಂಬಬಹುದಾ?

ಉತ್ತರ: ಅದು ಸುಮ್ನೆ ಸಾಗಹಾಕುವ ಮಾತು ಅಂದುಕೊಳ್ಳಬೇಡಿ. ಗ್ಯಾಸ್ಕೆಟ್ ಹೋದಾಗ ಒಳಗೆ ಇಳಿದ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಸೈಲೆನ್ಸರ್‌ನಲ್ಲಿ ನಿಂತಿರುತ್ತೆ. ಅದು ಆವಿಯಾಗಿ ಮುಗಿಯುವವರೆಗೆ ಹೊಗೆ ಕಾಣುತ್ತೆ. ಮನೆ ಮುಂದೆ ಐಡಲ್‌ನಲ್ಲಿ ಬಿಟ್ಟರೆ ಸೈಲೆನ್ಸರ್ ಅಷ್ಟು ಕಾಯುವುದಿಲ್ಲ. ಅರ್ಧ ಗಂಟೆ ಒಳ್ಳೆ ವೇಗದಲ್ಲಿ ಓಡಿಸಬೇಕು.

ಅದಕ್ಕೂ ಮುಂಚೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ ಕೂಲೆಂಟ್ ಟ್ಯಾಂಕ್ ಮೇಲೆ ಮಾರ್ಕರ್‌ನಲ್ಲಿ ಗೆರೆ ಹಾಕಿ. ಮತ್ತೆ ತಣ್ಣಗಾದ ಮೇಲೇ ನೋಡಿ. ಬಿಸಿ ಇರುವಾಗ ಮುಚ್ಚಳ ಬಿಚ್ಚಿದರೆ ಕೈ ಮುಖ ಸುಡುತ್ತೆ. ರಿಪೇರಿ ಆದ ಹೊಸದರಲ್ಲಿ ಏರ್ ಹೊರಗೆ ಹೋಗಿ ಮಟ್ಟ ಸ್ವಲ್ಪ ಇಳಿಯುವುದು ಸಹಜ. ತುಂಬಿಸಿದ ಮೇಲೂ ಇಳಿಯುತ್ತಲೇ ಇದ್ದರೆ ಅದು ಎಲ್ಲೋ ಹೋಗುತ್ತಿದೆ ಅಂತ ಅರ್ಥ. ಹೊಗೆಗಿಂತ ನಾನು ಆ ಗೆರೆಯನ್ನೇ ಜಾಸ್ತಿ ನಂಬುತ್ತೇನೆ.

ಹೊಗೆ ನೀಲಿ ಬಣ್ಣಕ್ಕೆ ತಿರುಗುತ್ತಾ, ಸುಟ್ಟ ಆಯಿಲ್ ವಾಸನೆ ಇದೆಯಾ ಅಂತಲೂ ನೋಡಿ. ಹಾಗಿದ್ದರೆ ವಾಲ್ವ್ ಸೀಲ್ (ಆಯಿಲ್ ಸಿಲಿಂಡರ್‌ಗೆ ಇಳಿಯದಂತೆ ತಡೆಯುವ ಸೀಲ್) ಕಡೆ ಗಮನ ಕೊಡಬೇಕು, ಅದು ಬೇರೆ ಕಥೆ.

ಪ್ರಶ್ನೆ ಕೇಳಿದವರು: ಹೈವೇಯಲ್ಲಿ ಓಡಿಸಿ ಬಂದೆ. ಹೊಗೆ ಕಮ್ಮಿಯಾಯ್ತು, ಪೂರ್ತಿ ನಿಂತಿಲ್ಲ. ಸಿಹಿ ವಾಸನೆ ಇದೆ. ಕೂಲೆಂಟ್ ತುಂಬಿಸಿದಷ್ಟೂ ಗೆರೆಯಿಂದ ಕೆಳಗೆ ಇಳಿಯುತ್ತಿದೆ, ಕೆಳಗಡೆ ಎಲ್ಲೂ ಸೋರಿಕೆ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಎಂಜಿನ್ ನಡುಗುತ್ತೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಮೂರು ಕಂದು ಬಣ್ಣ, ಎರಡನೆಯದು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗಿದೆ.

ಉತ್ತರ: ಇದು ಸೈಲೆನ್ಸರ್‌ನಲ್ಲಿ ಉಳಿದ ನೀರಲ್ಲ ಸರ್. ಎರಡನೇ ಸಿಲಿಂಡರ್‌ಗೆ ಕೂಲೆಂಟ್ ಇಳಿಯುತ್ತಿರುವ ಹಾಗಿದೆ. ಎಂಜಿನ್ ಆಫ್ ಮಾಡಿದ ಮೇಲೂ ಸಿಸ್ಟಮ್‌ನಲ್ಲಿ ಪ್ರೆಷರ್ ಇರುತ್ತೆ, ಅದು ರಾತ್ರಿಯೆಲ್ಲಾ ಒಳಗೆ ಜಿನುಗಿಸುತ್ತೆ. ಬೆಳಿಗ್ಗೆಯ ನಡುಕಕ್ಕೆ ಅದೇ ಕಾರಣ. ಒಳಗೆ ಉರಿಯುವಾಗ ಹುಟ್ಟುವ ಆವಿ ಪ್ಲಗ್ ಮೇಲಿನ ಮಸಿಯನ್ನು ತೊಳೆದುಬಿಡುತ್ತೆ.

ಆದರೂ ಹೆಡ್ ಬಿಚ್ಚುವ ಮೊದಲು ಪ್ರೆಷರ್ ಟೆಸ್ಟ್ ಮಾಡಿಸಿ. ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಸಿಸ್ಟಮ್‌ಗೆ ಪಂಪ್ ಹಾಕಿ, ಅದರ ಮುಚ್ಚಳದ ಮೇಲೆ ಬರೆದಷ್ಟೇ ಪ್ರೆಷರ್ ಕೊಟ್ಟು ಒಂದಷ್ಟು ಹೊತ್ತು ಬಿಡಬೇಕು. ಆಮೇಲೆ ಪ್ಲಗ್‌ಗಳನ್ನೆಲ್ಲ ತೆಗೆದು, ಇಗ್ನಿಷನ್ ಮತ್ತು ಪೆಟ್ರೋಲ್ ಕಟ್ ಮಾಡಿ ಸ್ಟಾರ್ಟರ್ ತಿರುಗಿಸಿದರೆ, ಎರಡನೇ ತೂತಿನಿಂದ ಕೂಲೆಂಟ್ ಚಿಮ್ಮುತ್ತೆ. ಆಗ ಬಾನೆಟ್ ಮೇಲೆ ಬಗ್ಗಿ ನೋಡುತ್ತಾ ನಿಲ್ಲಬೇಡಿ.

ಅಲ್ಲಿಯವರೆಗೆ ಗಾಡಿ ಓಡಿಸಬೇಡಿ. ಸಿಲಿಂಡರ್‌ನಲ್ಲಿ ಕೂಲೆಂಟ್ ಜಾಸ್ತಿ ನಿಂತಿರುವಾಗ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ (ಪಿಸ್ಟನ್‌ಗೆ ಜೋಡಿಸಿದ ಕಂಬಿ) ಬಾಗಬಹುದು. ಆಕ್ಸಿಜನ್ ಸೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಹಾಳಾಗಬಹುದು.

ಮೆಕ್ಯಾನಿಕ್ ಹತ್ತಿರ ಜಗಳ ಬೇಡ, ಆದರೆ ಇದನ್ನು ಕೇಳಿ: ಹೆಡ್ ಅನ್ನು ಲೇತ್‌ಗೆ ಕಳಿಸಿ ಮಟ್ಟ ನೋಡಿಸಿದ್ದರಾ? ಓವರ್‌ಹೀಟ್ ಆದ ಅಲ್ಯೂಮಿನಿಯಂ ಹೆಡ್ ಬಾಗುವುದು ಸಾಮಾನ್ಯ. ಎಷ್ಟೋ ಎಂಜಿನ್‌ಗಳಲ್ಲಿ 0.05 ಮಿ.ಮೀ.ಗಿಂತ ಜಾಸ್ತಿ ಸೊಟ್ಟ ಇದ್ದರೆ ಒಪ್ಪುವುದಿಲ್ಲ. ಕಣ್ಣಿಗೆ ಅದು ಕಾಣಿಸಲ್ಲ, ನೇರ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿಯೇ ನೋಡಬೇಕು. ಸಣ್ಣ ಬಿರುಕು ಇದ್ದರೂ ಇದೇ ಲಕ್ಷಣ, ಅದನ್ನೂ ಪ್ರೆಷರ್ ಹಾಕಿಯೇ ಪರೀಕ್ಷೆ ಮಾಡಿಸಬೇಕು.

ಹೆಡ್ ಬೋಲ್ಟ್ ಹೊಸದಾ ಅಂತಲೂ ಕೇಳಿ. ಬಿಗಿಯುವಾಗ ಎಳೆತಕ್ಕೆ ಹಿಗ್ಗುವ ಬೋಲ್ಟ್‌ಗಳನ್ನು ಎರಡನೇ ಸಲ ಹಾಕುವ ಹಾಗಿಲ್ಲ. ಬೋಲ್ಟ್ ತೂತಿನಲ್ಲಿ ಆಯಿಲ್ ಅಥವಾ ನೀರು ನಿಂತಿದ್ದರೆ ಟಾರ್ಕ್ ವ್ರೆಂಚ್ (ಬಿಗಿತ ಅಳೆಯುವ ಸ್ಪ್ಯಾನರ್) ಸರಿಯಾದ ಅಂಕಿ ತೋರಿಸುತ್ತೆ, ಹೆಡ್ ಮಾತ್ರ ಬಿಗಿಯಾಗಿ ಕೂತಿರಲ್ಲ. ಇದನ್ನು ಅನುಭವಸ್ಥರೂ ಮರೆಯುತ್ತಾರೆ.

ಬಿಚ್ಚುವಾಗ ನೀವೂ ಅಲ್ಲೇ ಇರಿ. ತೆಗೆದ ಗ್ಯಾಸ್ಕೆಟ್ ಎಸೆಯಲು ಬಿಡಬೇಡಿ. ಎರಡನೇ ಸಿಲಿಂಡರ್ ಸುತ್ತಲಿನ ರಿಂಗ್ ಮೇಲೆ ಅಚ್ಚು ಎಲ್ಲಿ ಮಸುಕಾಗಿದೆ ನೋಡಿ, ಫೋಟೋ ಹಾಕಿ. ಹೆಡ್ ಅಲ್ಲೇ ಒತ್ತಿ ಕೂತಿರಲ್ಲ.