ಹೈಸ್ಕೂಲ್ ಬಾಂಡ್: ಓಟು ಇರೋರು, ಇಲ್ಲದೋರು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ನಿನ್ನೆ ಪಾರ್ಕಲ್ಲಿ ಅರ್ಧಂಬರ್ಧ ಮಾತಾಡಿದ್ದನ್ನ ಇಲ್ಲಿ ಪೂರ್ತಿ ಮಾಡೋಣ. ಕ್ಯಾಲಿಫೋರ್ನಿಯಾದ ನಮ್ಮೂರಿನ ಹೈಸ್ಕೂಲ್ ರಿಪೇರಿಗೆ 2026ರ ನವೆಂಬರ್ 3ರ ಚುನಾವಣೆಯಲ್ಲಿ ಬಾಂಡ್ (ಮತದಾರರು ಒಪ್ಪಿದ್ರೆ ಶಾಲೆಗೆ ಅಂತ ಎತ್ತೋ ಸಾಲ, ತೀರಿಸೋದು ಮನೆ ತೆರಿಗೆಯಿಂದ) ಇಡಬೇಕೋ ಬೇಡವೋ ಅಂತ ಸ್ಕೂಲ್ ಬೋರ್ಡ್ ಇನ್ನೂ ಯೋಚಿಸ್ತಿದೆ. ಮೊತ್ತ ಗೊತ್ತುಮಾಡಿಲ್ಲ. ಮತದಾನಕ್ಕೆ 88 ದಿನ ಮುಂಚೆ, ಅಂದ್ರೆ ಆಗಸ್ಟ್ 7ರೊಳಗೆ, ಬೋರ್ಡಿನ ನಿರ್ಣಯ ಕೌಂಟಿ ಚುನಾವಣಾ ಕಚೇರಿಗೆ ತಲುಪಬೇಕು. ಬೋರ್ಡಲ್ಲೇ ಮೂರರಲ್ಲಿ ಎರಡು ಪಾಲು ಒಪ್ಪಿಗೆ ಬೇಕು, ಐದು ಜನರಲ್ಲಿ ನಾಲ್ಕು. ಮಾತಾಡೋದಿದ್ರೆ ಈಗಲೇ. ಗುಡ್ ಮಾರ್ನಿಂಗ್ ಚಿತ್ರಗಳು ಈ ಥ್ರೆಡ್‌ಗೆ ದಯವಿಟ್ಟು ಬೇಡ.

ಮೂಲೆ ಮನೆ ಅಕ್ಕ: ರಿಪೇರಿ ಅಂದ್ರೆ ಎಷ್ಟರ ಮಟ್ಟಿಗೆ ಅಂತ ಕೇಳ್ತಿದ್ರಲ್ಲ, ಹೇಳ್ತೀನಿ. ಮಗಳ ಕೆಮಿಸ್ಟ್ರಿ ಲ್ಯಾಬಲ್ಲಿ ಸಿಂಕ್ ಆರು, ನೀರು ಬರೋದು ಎರಡರಲ್ಲಿ. ಜನವರಿ ಮಳೆಗೆ ಸೀಲಿಂಗ್ ಟೈಲ್ ನೆಂದು ಹೊಟ್ಟೆ ಬಿಟ್ಕೊಂಡು ಕೂತಿತ್ತು. ಅದರ ಕೆಳಗೆ ಒಂದು ಕಿತ್ತಳೆ ಬಣ್ಣದ ಬಕೆಟ್. ಹುಡುಗ್ರು ಬಕೆಟ್ ಒಳಗೆ ಮಾರ್ಕರಲ್ಲಿ ಗೆರೆ ಎಳೆದು ತಾರೀಕು ಬರೆದಿದಾರೆ, ಯಾವತ್ತು ಎಷ್ಟು ತುಂಬ್ತು ಅಂತ. ಟೀಚರ್ ಅದನ್ನೇ ಅಳತೆ ಪಾಠಕ್ಕೆ ಬಳಸಿಕೊಂಡ್ರಂತೆ. ಪಾಪ, ಆ ಯಮ್ಮ ಇನ್ನೇನು ಮಾಡ್ತಾರೆ!

ನಿಂಬೆಗಿಡದ ಮನೆ: ನಾನು ಈ ಬೀದಿಗೆ ಬಂದಾಗ ಇಲ್ಲಿ ಕನ್ನಡದವರ ಮನೆ ಎರಡೇ ಇದ್ದವು. ಹಿಂದಿನ ಬಾಂಡಿಗೂ ಹೌದು ಅಂತಲೇ ಒತ್ತಿದ್ದೆ. ಆಗಲೂ ಪಟ್ಟಿಯಲ್ಲಿ ಲ್ಯಾಬ್ ಇತ್ತು. ಮೊದಲು ಎದ್ದಿದ್ದು ಮಾತ್ರ ಆಟದ ಮೈದಾನದ ದೀಪದ ಕಂಬಗಳು. ಈ ಸಲ ಯಾರು ಬಂದು ಬಾಗಿಲು ಬಡಿದ್ರೂ ಎರಡು ಪ್ರಶ್ನೆ ಕೇಳೋನೇ.

ಲೆಕ್ಕದ ಭಾವ: ಅಂಕಲ್, ಕೇಳ್ಲೇಬೇಕು. ಆದ್ರೆ ಮೊದಲು ಕಾನೂನು ಏನಿದೆ ಅಂತ ನೋಡೋಣ. ಕ್ಯಾಲಿಫೋರ್ನಿಯಾದಲ್ಲಿ ಸ್ಕೂಲ್ ಬಾಂಡ್ ಪಾಸಾಗೋಕೆ ಮೊದಲು ಮೂರರಲ್ಲಿ ಎರಡು ಪಾಲು ಓಟು ಬೇಕಿತ್ತು. 2000ದ ಪ್ರೊಪೊಸಿಷನ್ 39 (ಪ್ರೊಪೊಸಿಷನ್ ಅಂದ್ರೆ ರಾಜ್ಯದ ಮತದಾರರೇ ಓಟು ಹಾಕಿ ತೀರ್ಮಾನಿಸೋ ಪ್ರಸ್ತಾವ) ಬಂದಮೇಲೆ ಶೇ. 55 ಸಾಕು. ಆ ರಿಯಾಯಿತಿ ಪುಕ್ಕಟೆ ಸಿಕ್ಕಿದ್ದಲ್ಲ. ಯಾವ ಕೆಲಸ ಅಂತ ಪಟ್ಟಿ ಮೊದಲೇ ಕೊಡಬೇಕು, ಈ ದುಡ್ಡಲ್ಲಿ ಟೀಚರ್ ಸಂಬಳ, ದಿನದ ಖರ್ಚು ತೂಗಿಸೋ ಹಾಗಿಲ್ಲ, ಪ್ರತಿ ವರ್ಷ ಎರಡು ಆಡಿಟ್, ಮೇಲೊಂದು ನಾಗರಿಕರ ಉಸ್ತುವಾರಿ ಸಮಿತಿ. ತೊಂದರೆ ಇರೋದು ಇಲ್ಲೇ: ಪಟ್ಟಿ ಇರಬೇಕು ಅಂತ ಕಾನೂನು ಹೇಳುತ್ತೆ, ಯಾವುದು ಮೊದಲು ಅಂತ ಹೇಳಲ್ಲ. ದೀಪದ ಕಂಬ ಮೊದಲು ಎದ್ದಿದ್ದು ಹಾಗೆ.

ಧಾರವಾಡದ ಅಣ್ಣ: ಅದಿರ್ಲಿ ಭಾವಾರ, ನಮ್ಮ ಕಿಸೆದಾಗಿಂದ ಎಷ್ಟು ಹೋಗ್ತದ ಹೇಳ್ರಿ ಮೊದಲು.

ಲೆಕ್ಕದ ಭಾವ: ನಮ್ಮದು ಯುನಿಫೈಡ್ ಡಿಸ್ಟ್ರಿಕ್ಟ್, ಅಂದ್ರೆ ಚಿಕ್ಕ ಮಕ್ಕಳ ಶಾಲೆಯಿಂದ ಹೈಸ್ಕೂಲ್‌ವರೆಗೂ ಒಂದೇ ಬೋರ್ಡು. ಒಂದು ಬಾಂಡಿನ ಅಂದಾಜು ತೆರಿಗೆ ವರ್ಷಕ್ಕೆ 1 ಲಕ್ಷ ಡಾಲರ್ ಬೆಲೆಗೆ 60 ಡಾಲರ್ ದಾಟೋ ಹಾಗಿಲ್ಲ. ಬೆಲೆ ಅಂದ್ರೆ ಮನೆ ಮಾರಾಟದ ವೆಬ್‌ಸೈಟ್ ಝಿಲೋ ತೋರಿಸೋದಲ್ಲ, ಟ್ಯಾಕ್ಸ್ ಬಿಲ್ಲಲ್ಲಿ ಇರೋದು. 1978ರ ಪ್ರೊಪೊಸಿಷನ್ 13ರಿಂದಾಗಿ ಆ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಲ್ಲ, ಮನೆ ಕೈ ಬದಲಾದಾಗ ಹೊಸ ಬೆಲೆಗೆ ಹಾರುತ್ತೆ. ನಿಮ್ಮ ಮನೆ ಬಿಲ್ಲಲ್ಲಿ 14 ಲಕ್ಷ ಇದ್ರೆ ಗರಿಷ್ಠ 840 ಡಾಲರ್. ಪಕ್ಕದಲ್ಲೇ, ಅದೇ ಅಳತೆಯ ಮನೆ, 2 ಲಕ್ಷದಲ್ಲೇ ನಿಂತಿದ್ರೆ 120. ಇದು ಗರಿಷ್ಠ, ಬೋರ್ಡ್ ಕಮ್ಮಿ ದರ ಇಡಬಹುದು. ಹಳೆ ಬಾಂಡಿನ ಸಾಲ ಬಿಲ್ಲಿನ ಬೇರೆ ಗೆರೆಯಲ್ಲಿ ಇದ್ದೇ ಇರುತ್ತೆ, ಬಿಲ್ ತೆಗೆದು ನೋಡಿ.

ಧಾರವಾಡದ ಅಣ್ಣ: ಅಲ್ರೀ, ಎಂಟುನೂರಾ ನಲವತ್ತು ನಾ ಕಟ್ಟಾಂವ. ಮಕ್ಕಳಿಬ್ಬರೂ ಅದೇ ಸಾಲಿಗೆ ಹೋಗೋರು. ಇಷ್ಟ್ ವರ್ಷ ಆತು, ಇನ್ನೂ ಎಚ್‌-1ಬಿ ಮ್ಯಾಲೇ ಅದೀನಿ, ಗ್ರೀನ್ ಕಾರ್ಡಿನ ಪಾಳಿ ಮುಗಿಯೂದರಾಗ ಮಗನ ಮದವಿ ಆಗ್ತದ. ಓಟು ಮಾತ್ರ ನನಗಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಾಗ ಸಿಟಿಜನ್ ಅಲ್ಲದ ಅಪ್ಪ-ಅವ್ವಂದಿರೂ ಓಟು ಹಾಕ್ತಾರಂತ ಕೇಳಿದ್ದೆ, ಖರೇನ?

ಅಡ್ಮಿನ್: ಖರೇನೇ, ಆದ್ರೆ ಅದು ಆ ಊರಿಗೆ ಮಾತ್ರ. 2016ರಲ್ಲಿ ಅಲ್ಲಿನ ಮತದಾರರೇ ಒಪ್ಪಿದ್ದು, ಅದೂ ಬೋರ್ಡ್ ಸದಸ್ಯರನ್ನ ಆರಿಸೋಕಷ್ಟೇ. ಬಾಂಡಿಗಲ್ಲ. ಇಲ್ಲಿ ಸಿಟಿಜನ್ ಅಲ್ಲದವರು ಯಾರೂ, ಗ್ರೀನ್ ಕಾರ್ಡ್ ಇದ್ರೂನೂ, ಓಟು ಹಾಕೋ ಹಾಗಿಲ್ಲ. ಇದನ್ನ ಸ್ವಲ್ಪ ಒತ್ತಿ ಹೇಳ್ತಿದೀನಿ. ಡಿಎಂವಿಯಲ್ಲಿ ಡ್ರೈವಿಂಗ್ ಲೈಸೆನ್ಸ್ ರಿನ್ಯೂ ಮಾಡುವಾಗ ಮತದಾರರ ನೋಂದಣಿಗೆ ಅಂತ ಸಿಟಿಜನ್ನಾ ಎಂದು ಕೇಳೋ ಪ್ರಶ್ನೆಗೆ ಅವಸರದಲ್ಲಿ ಹೌದು ಅಂತ ಟಿಕ್ ಮಾಡ್ಬೇಡಿ. ಮತಪತ್ರ ಮನೆಗೇ ಬಂತು ಅಂತ ತುಂಬಿ ಕಳಿಸ್ಲೂಬೇಡಿ. ದೇಶ ಬಿಟ್ಟು ಹೋಗೋ ತನಕ ಬರುತ್ತೆ ಆ ತಪ್ಪು.

ಹೊಸ ಬಾಡಿಗೆಯವರು: ಹಾಗಾದ್ರೆ ನಮ್ಮಂಥೋರು ಪ್ರಚಾರಕ್ಕೆ ಐವತ್ತು-ನೂರು ಡಾಲರ್ ಹಾಕಿ ಸುಮ್ಮನಿರೋದಾ ಸರ್?

ಅಡ್ಮಿನ್: ಅದೂ ಬೇಡ. ಚುನಾವಣೆ ದುಡ್ಡಿನ ವಿಷಯದಲ್ಲಿ ವಿದೇಶಿಯರಿಗೆ ಬಿಗಿ ನಿಯಮ ಇದೆ. ಗ್ರೀನ್ ಕಾರ್ಡೂ ಇಲ್ಲದವರ ಹತ್ರ ಈ ಗುಂಪಿನಿಂದ ಒಂದು ಸೆಂಟೂ ಎತ್ತೋದು ಬೇಡ ಅನ್ನೋದು ನನ್ನ ನಿರ್ಧಾರ. ಕೈಕಾಲು ಬಳಸಿ, ಪರ್ಸ್ ಬಿಡಿ. ಪುಕ್ಕಟೆ ದುಡಿಯೋಕೆ ಅಡ್ಡಿ ಇಲ್ಲ.

ಮೂಲೆ ಮನೆ ಅಕ್ಕ: ನನ್ನದೊಂದು ತಪ್ಪೊಪ್ಪಿಗೆ. ನಾನು ಸಿಟಿಜನ್ ಆಗಿ ನಾಲ್ಕು ವರ್ಷ. ಹೋದ ಸಲ ಮತಪತ್ರ ಅಡುಗೆ ಕಟ್ಟೆ ಮೇಲೆ ಹರಡಿಕೊಂಡು, ಪ್ರೆಸಿಡೆಂಟ್ ಹೆಸರಿಂದ ಶುರು ಮಾಡಿ, ಪ್ರೊಪೊಸಿಷನ್ ಹತ್ತು ದಾಟೋದ್ರೊಳಗೆ ಕುಕ್ಕರ್ ಮೂರು ಸೀಟಿ ಹೊಡೀತು. ಕೆಳಗಿದ್ದ ಊರಿನ ವಿಷಯ ಎಲ್ಲಾ ಖಾಲಿ ಬಿಟ್ಟು ಲಕೋಟೆ ಅಂಟಿಸ್ದೆ. ಧಾರವಾಡದ ಅಣ್ಣ ಬರೆದಿದ್ದು ಓದಿ ಹೊಟ್ಟೆಗೆ ಏನೋ ಆಯ್ತು.

ಲೆಕ್ಕದ ಭಾವ: ಅಕ್ಕಾ, ನಿಮ್ಮ ಹಾಗೆ ಬಿಡೋರು ತುಂಬಾ ಜನ. ಖಾಲಿ ಬಿಟ್ಟಿದ್ದು ‘ಇಲ್ಲ’ ಅಂತ ಲೆಕ್ಕ ಆಗಲ್ಲ, ಆ ಪ್ರಶ್ನೆಗೆ ಓಟು ಹಾಕಿದವರಲ್ಲೇ ಶೇ. 55 ನೋಡ್ತಾರೆ. ಆದ್ರೆ ‘ಇಲ್ಲ’ ಅನ್ನೋರು ಖಾಲಿ ಬಿಡಲ್ಲ, ಅವರು ಹುಡುಕಿಕೊಂಡು ಹೋಗಿ ಒತ್ತುತಾರೆ.

ನಿಂಬೆಗಿಡದ ಮನೆ: ನನ್ನನ್ನೇ ನೋಡಿ ಹೇಳ್ದಂಗಿದೆ. ಸರಿ, ಇನ್ನೊಂದು ಪ್ರಶ್ನೆ. ಸಾಲ ಅಂದ್ರೆ ಸಾಲ. ಪೋವೇ ಕಥೆ ಗೊತ್ತಿದೆಯಾ? ಸ್ಯಾನ್ ಡಿಯಾಗೋ ಕಡೆಯ ಡಿಸ್ಟ್ರಿಕ್ಟ್. 2011ರಲ್ಲಿ 10 ಕೋಟಿ ಡಾಲರ್ ಚಿಲ್ಲರೆ ಸಾಲ ಎತ್ತಿ, ಬಡ್ಡಿ ಮುಂದಕ್ಕೆ ತಳ್ಳಿ ತಳ್ಳಿ, ಮೊಮ್ಮಕ್ಕಳ ಕಾಲಕ್ಕೆ ಹತ್ತಿರ ಹತ್ತಿರ 100 ಕೋಟಿ ತೀರಿಸೋ ಹಾಗೆ ಬರೆದುಕೊಟ್ರು.

ಲೆಕ್ಕದ ಭಾವ: ಆ ಗಲಾಟೆ ಆದಮೇಲೆ 2013ರಲ್ಲಿ ಕಾನೂನು ಬಂತು ಅಂಕಲ್. ಈಗ ಅಸಲೂ ಬಡ್ಡಿಯೂ ಸೇರಿ, ಎತ್ತಿದ್ದರ ನಾಲ್ಕು ಪಟ್ಟು ಮೀರೋ ಹಾಗಿಲ್ಲ. ನಾಲ್ಕು ಪಟ್ಟೂ ಜಾಸ್ತಿನೇ, ಒಪ್ತೀನಿ. ಒಟ್ಟು ಎಷ್ಟು ತೀರಿಸಬೇಕಾಗುತ್ತೆ ಅನ್ನೋ ಅಂದಾಜು ಮತದಾರರ ಕೈಪಿಡಿಯ ತೆರಿಗೆ ದರದ ಹೇಳಿಕೆಯಲ್ಲಿ ಇರುತ್ತೆ, ಮತಪತ್ರದ 75 ಪದ ಓದಿ ಮುಗಿಸಬೇಡಿ. ನನ್ನ ಪ್ರಕಾರ ನಾವು ಬೋರ್ಡಿಗೆ ಕೇಳಬೇಕಾದ್ದು ಎರಡೇ. ಕೆಲಸಗಳನ್ನ ಮೊದಲಿಂದ ಕೊನೆಗೆ ಸಾಲಾಗಿ ಬರೆದು ನಿರ್ಣಯಕ್ಕೇ ಅಂಟಿಸಿ. ಬಡ್ಡಿ ಮುಂದಕ್ಕೆ ತಳ್ಳೋ ಬಾಂಡ್ ಬೇಡ ಅಂತ ಬರವಣಿಗೆಯಲ್ಲಿ ಕೊಡಿ.

ಹೊಸ ಬಾಡಿಗೆಯವರು: ಒಂದು ಲ್ಯಾಬಿಗೆ ಸಾಲ ಎತ್ತೋದಾ? ನಮ್ಮ ಲ್ಯಾಂಡ್‌ಲಾರ್ಡ್ ಬಾತ್‌ರೂಂ ಪೂರ್ತಿ ಹೊಸದು ಮಾಡ್ಸಿದ್ರು, ಹದಿನೈದು ದಿನದಲ್ಲಿ ಮುಗೀತು!

ಅಡ್ಮಿನ್: ಶಾಲೆ ಕಟ್ಟಡ ಮನೆ ಹಾಗಲ್ಲ. 1933ರ ಮಾರ್ಚ್ 10ಕ್ಕೆ ಲಾಂಗ್ ಬೀಚ್ ಭೂಕಂಪದಲ್ಲಿ ಇಟ್ಟಿಗೆಯ ಶಾಲೆಗಳು ಸಾಲುಸಾಲಾಗಿ ಕುಸಿದವು. ಸಂಜೆ ಆರರ ಹೊತ್ತಿಗೆ ಆಗಿದ್ದರಿಂದ ಮಕ್ಕಳು ಒಳಗಿರಲಿಲ್ಲ. ಮರು ತಿಂಗಳೇ ಫೀಲ್ಡ್ ಆ್ಯಕ್ಟ್ ಬಂತು. ಅವತ್ತಿಂದ ಸರ್ಕಾರಿ ಶಾಲೆ ಕಟ್ಟಡದ ನಕ್ಷೆಯನ್ನ ರಾಜ್ಯದವರು ಪಾಸು ಮಾಡಬೇಕು, ಕಟ್ಟುವಾಗ ಇನ್‌ಸ್ಪೆಕ್ಟರ್ ಸ್ಥಳದಲ್ಲಿರಬೇಕು. ಖರ್ಚು ಜಾಸ್ತಿ, ಹೌದು. ನಾವಿರೋದು ಭೂಕಂಪ ತರೋ ಹೇವರ್ಡ್ ಬಿರುಕಿನ ಪಕ್ಕ, ಆ ಖರ್ಚಿಗೆ ನನ್ನ ತಕರಾರಿಲ್ಲ. ಜೊತೆಗೆ 2024ರ ನವೆಂಬರಲ್ಲಿ ರಾಜ್ಯದ ಮತದಾರರು 1,000 ಕೋಟಿ ಡಾಲರಿನ ಪ್ರೊಪೊಸಿಷನ್ 2 ಪಾಸು ಮಾಡಿದಾರೆ. ಹಳೆ ಕಟ್ಟಡ ಸರಿಪಡಿಸೋಕೆ ಅದರಿಂದ ಶೇ. 60ಕ್ಕೆ ಕಮ್ಮಿ ಇಲ್ಲದ ಪಾಲು ಸಿಗಬಹುದು, ಆದ್ರೆ ಉಳಿದದ್ದು ಊರಿನವರು ಹಾಕಿ ಸರದಿಯಲ್ಲಿ ನಿಲ್ಲಬೇಕು. ನಮ್ಮ ಪಾಲು ಇಲ್ಲ ಅಂದ್ರೆ ಆ ದುಡ್ಡು ಬೇರೆ ಊರಿಗೆ.

ನಿಂಬೆಗಿಡದ ಮನೆ: ಇದು ಗೊತ್ತಿರಲಿಲ್ಲ. ಕೆಲಸದ ಸಾಲು ಬರೆದುಕೊಟ್ರೆ, ನನ್ನ ಓಟು ಹೌದು. ಕೊಡ್ಲಿಲ್ಲ ಅಂದ್ರೆ ಇಲ್ಲ. ಉಸ್ತುವಾರಿ ಸಮಿತಿಯಲ್ಲಿ ಹಿರಿಯ ನಾಗರಿಕರ ಸಂಘದಿಂದ ಒಬ್ಬರು ಇರಬೇಕಂತೆ, ನಾನು ನಮ್ಮ ಸೀನಿಯರ್ ಸೆಂಟರಲ್ಲಿ ಕೇಳ್ತೀನಿ. ರಿಟೈರ್ ಆದಮೇಲೆ ಬಿಲ್ಲು ನೋಡೋದೇ ನನ್ನ ಕಸುಬು.

ಮೂಲೆ ಮನೆ ಅಕ್ಕ: ಅಂಕಲ್ ಸಮಿತಿಗೆ ಹೋದ್ರೆ ದೀಪದ ಕಂಬಕ್ಕೆ ಒಂದು ಬಲ್ಬೂ ಸಿಗಲ್ಲ. 😄 ಕರಪತ್ರ ನಾನು ಬರೀತೀನಿ. ಸ್ಕೂಲ್ ಆಫೀಸಿನ ಪ್ರಿಂಟರಲ್ಲಿ ತೆಗೆಸಲಾ?

ಅಡ್ಮಿನ್: ಬೇಡಿ ಬೇಡಿ! ಪ್ರಚಾರಕ್ಕೆ ಶಾಲೆಯ ಕಾಗದ, ಇ-ಮೇಲ್, ಪ್ರಿಂಟರ್ ಯಾವುದೂ ಮುಟ್ಟಂಗಿಲ್ಲ, ಅದು ಸಾರ್ವಜನಿಕರ ದುಡ್ಡು. ಶಾಲೆಯವರು ಮಾಹಿತಿ ಕೊಡಬಹುದು, ಹೌದು ಅಂತ ಒತ್ತಿ ಅನ್ನೋ ಹಾಗಿಲ್ಲ. ನಮ್ಮ ಮನೆಯಲ್ಲೇ ಪ್ರಿಂಟ್ ತೆಗೀರಿ, ಇಂಕು ನನ್ನದು. ಓಟು ಇರೋ ಮನೆಗಳ ಪಟ್ಟಿ ಮೊದಲೇ ಮಾಡ್ಕೊಳ್ಳೋಣ, ಅಕ್ಟೋಬರ್ 5ರಿಂದ ಮತಪತ್ರ ಪೋಸ್ಟಲ್ಲಿ ಬರೋಕೆ ಶುರು. ನೋಂದಣಿಗೆ ಅಕ್ಟೋಬರ್ 19 ಕೊನೆ. ಆಮೇಲೂ ಮತಗಟ್ಟೆಗೇ ಹೋಗಿ ಮಾಡಿಸಬಹುದು, ಸುಮ್ಮನೆ ಅಲೆದಾಟ.

ಧಾರವಾಡದ ಅಣ್ಣ: ನಮ್ಮೂರಾಗ ಸಾಲಿ ಮಾಳಿಗಿ ಸೋರಿದ್ರ ಎಸ್‌ಡಿಎಂಸಿಯವರು ಶಾಸಕರ ಮನಿಗೆ ಹೋಗೋರು, ಇಲ್ಲಾ ಹಳೇ ವಿದ್ಯಾರ್ಥಿ ಯಾರರ ತಗಡು ಕೊಡಸಿ ಗ್ವಾಡಿ ಮ್ಯಾಲ ಹೆಸರು ಬರಸ್ಕೋತಿದ್ದ. ಇಲ್ಲಿ ಊರಿಗೂರೇ ಕೇಳ್ಬೇಕು. ಇರ್ಲಿ. ಓಟಿಲ್ಲ ಅಂತ ಕುಂದ್ರೂದಿಲ್ಲ, ನಮ್ಮ ಬೀದಿಯ ಹದಿನಾಲ್ಕು ಮನಿ ನನ್ನವು. ಬೋರ್ಡ್ ಮೀಟಿಂಗಿನ್ಯಾಗರ ನಾನು ಮಾತಾಡಬಹುದೇನು?

ಅಡ್ಮಿನ್: ಆರಾಮಾಗಿ. ಸಾರ್ವಜನಿಕರ ಸಭೆ ಅದು, ಪಾಸ್‌ಪೋರ್ಟ್ ಯಾರೂ ಕೇಳಲ್ಲ. ಚೀಟಿ ತುಂಬಿ ಕೊಟ್ರೆ ಕರೀತಾರೆ. ನಮ್ಮ ಬೋರ್ಡಲ್ಲಿ ಒಬ್ಬರಿಗೆ ಮೂರು ನಿಮಿಷ, ಜನ ಜಾಸ್ತಿ ಇದ್ರೆ ಎರಡು.

ಹೊಸ ಬಾಡಿಗೆಯವರು: ನಮ್ಮ ಮಾವನೋರು ಊರಿಂದ ಬಂದಿದಾರೆ, ಹೈಸ್ಕೂಲ್ ಹೆಡ್‌ಮಾಸ್ಟರಾಗಿ ರಿಟೈರ್ ಆದೋರು. ಇದನ್ನೆಲ್ಲ ಓದಿ ಹೇಳ್ತಿದ್ದೆ. ತಾವೂ ಬರ್ತಾರಂತೆ. ಮೂರು ನಿಮಿಷದಲ್ಲಿ ಪೀಠಿಕೆಯೂ ಮುಗಿಯಲ್ಲ ಅಂತಿದಾರೆ.

ಅಡ್ಮಿನ್: ಅವರನ್ನ ಮುಂದಿನ ಸಾಲಲ್ಲೇ ಕೂರಿಸೋಣ, ಮಾತು ಅಕ್ಕನ ಮಗಳದ್ದು. ಮಂಗಳವಾರ ಆರೂವರೆಗೆ ನಮ್ಮ ಮನೆ ಮುಂದೆ ಸೇರಿ, ಎರಡು ಕಾರು ಸಾಕು.

ಮೂಲೆ ಮನೆ ಅಕ್ಕ: ಮಗಳು ಒಪ್ಪಿದಾಳೆ. ಟೀಚರ್ ಹತ್ರ ಬಕೆಟ್ ಕೇಳ್ಕೊಂಡು ಬರ್ತಾಳಂತೆ, ಗೆರೆ ಅಳಿಸದ ಹಾಗೆ.