ಸಹಾಯ ಬೇಕು: ನಾಜಿ ಕಾಲದ ಬರ್ಲಿನ್‌ನಲ್ಲಿ ಯಹೂದಿ ನಟರ ಹೊಟ್ಟೆಪಾಡು

ಎಲ್ಲರಿಗೂ ನಮಸ್ಕಾರ. ನಮ್ಮ ಹವ್ಯಾಸಿ ತಂಡಕ್ಕೆ ಒಂದು ನಾಟಕ ಬರೆಯುತ್ತಿದ್ದೇನೆ. 1933ರಲ್ಲಿ ಜರ್ಮನಿಯ ರಂಗಮಂದಿರಗಳು ಯಹೂದಿ ಕಲಾವಿದರನ್ನು ಕೆಲಸದಿಂದ ತೆಗೆದವು. ಅದೇ ವರ್ಷ ಕುರ್ಟ್ ಸಿಂಗರ್ ಮುಂದಾಳತ್ವದಲ್ಲಿ ಬರ್ಲಿನ್‌ನಲ್ಲಿ ‘ಕುಲ್ಟುರ್‌ಬುಂಡ್’ ಎಂಬ ಯಹೂದಿ ಕಲಾವಿದರ ಸಂಘ ಹುಟ್ಟಿತು. ಮೊದಲು ಆಡಿದ್ದು ಜರ್ಮನ್ ನಾಟಕಕಾರ ಲೆಸ್ಸಿಂಗ್‌ನ ‘ನಾಥನ್’ ನಾಟಕ. ಯಹೂದಿ ಸದಸ್ಯರಿಗೆ ಮಾತ್ರ ಪ್ರವೇಶ. ಅವರ ತಿಂಗಳ ಚಂದಾ ಹಣವೇ ನಟರ ಸಂಬಳಕ್ಕೆ ಆಧಾರ. ಯಾವ ನಾಟಕ ಆಡಬೇಕೆಂದರೂ ನಾಜಿ ಅಧಿಕಾರಿ ಒಪ್ಪಬೇಕು. ಷಿಲ್ಲರ್, ಆಮೇಲೆ ಗಯಟೆ, ಇಬ್ಬರ ನಾಟಕಗಳೂ ಇವರಿಗೆ ನಿಷಿದ್ಧ! ತಮ್ಮದೇ ಭಾಷೆಯ ಕವಿಗಳು, ಅಲ್ವಾ? 1941ರ ಸೆಪ್ಟೆಂಬರ್‌ನಲ್ಲಿ ಎಲ್ಲ ಮುಚ್ಚಿಸಿದರು.

ನನಗೆ ಬೇಕಿರುವುದು ದಿನನಿತ್ಯದ ವಿವರ. ಬಾಡಿಗೆ, ಊಟಕ್ಕೆ ಆ ಸಂಬಳ ಸಾಲುತ್ತಿತ್ತಾ? ಬೇರೆ ಕೆಲಸವನ್ನೂ ಮಾಡುತ್ತಿದ್ದರಾ? ನಟರ ಪತ್ರ, ನೆನಪಿನ ಬರಹ ಓದಿದವರು ದಯವಿಟ್ಟು ತಿಳಿಸಿ. ಜರ್ಮನ್ ಬಲ್ಲವರು ನಾಲ್ಕೈದು ಪುಟ ಓದಿ ಹೇಳಿದರೆ ಇನ್ನೂ ಜಾಸ್ತಿ ಉಪಕಾರ.