ಬ್ರಿಟನ್‌ನ ವೈದ್ಯಕೀಯ ಪದವಿಗೆ ಅರ್ಜಿ: ಶಾಲೆಯಲ್ಲಿ ಸಿದ್ಧತೆ ಹೇಗಿರಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಜೀವಶಾಸ್ತ್ರದ ಶಿಕ್ಷಕ. ನಮ್ಮ ಕೆಲವು ವಿದ್ಯಾರ್ಥಿಗಳು ಮುಂದಿನ ವರ್ಷ ಬ್ರಿಟನ್‌ನಲ್ಲಿ ವೈದ್ಯಕೀಯ ಓದಲು ಅರ್ಜಿ ಹಾಕಲಿದ್ದಾರೆ. ಅವರ ಅಂಕಗಳು ಚೆನ್ನಾಗಿವೆ, ಪ್ರಮಾಣಪತ್ರಗಳೂ ಬೇಕಾದಷ್ಟಿವೆ. ಆದರೆ ಅರ್ಜಿಯ ಜೊತೆ ತಮ್ಮ ಬಗ್ಗೆ ಬರೆಯಬೇಕಾದ ಪರ್ಸನಲ್ ಸ್ಟೇಟ್‌ಮೆಂಟ್ ಬರೆಸಿದರೆ ಎಲ್ಲರದೂ ಒಂದೇ ಅಚ್ಚಿನಲ್ಲಿ ಹೊಯ್ದಂತಿರುತ್ತದೆ. ಶಾಲೆ ಯಾವಾಗಿನಿಂದ, ಹೇಗೆ ನೆರವಾಗಬೇಕು?

ಉತ್ತರ: ನಮಸ್ಕಾರ ಸರ್. ಮೊದಲು ವೇಳಾಪಟ್ಟಿಯ ವಿಚಾರ. ಬ್ರಿಟನ್‌ನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಸ್ವೀಕರಿಸುವ ಕೇಂದ್ರ ಸಂಸ್ಥೆಯಾದ ಯುಕಾಸ್ ಮೂಲಕ ಸಲ್ಲಿಸುವ ವೈದ್ಯಕೀಯ ಅರ್ಜಿಗೆ ಅಕ್ಟೋಬರ್ 15 ಕೊನೆಯ ದಿನ. ಶಾಲೆಯ ಶಿಫಾರಸು ಪತ್ರವೂ ಅಷ್ಟರೊಳಗೆ ಸೇರಿರಬೇಕು. ಅರ್ಜಿಯಲ್ಲಿ ಕೊಡಬಹುದಾದ ಐದು ಕೋರ್ಸ್ ಆಯ್ಕೆಗಳಲ್ಲಿ ನಾಲ್ಕನ್ನು ಮಾತ್ರ ವೈದ್ಯಕೀಯಕ್ಕೆ ಬಳಸಬಹುದು. ವೈದ್ಯಕೀಯ ಪ್ರವೇಶಕ್ಕೆ ಬರೆಯಬೇಕಾದ ಯುಕ್ಯಾಟ್ ಪರೀಕ್ಷೆ ಜುಲೈನಿಂದ ಸೆಪ್ಟೆಂಬರ್‌ವರೆಗೆ ನಡೆಯುತ್ತದೆ, ವರ್ಷಕ್ಕೆ ಒಮ್ಮೆ ಮಾತ್ರ ಬರೆಯಬಹುದು. ಅದರ ಭಾಷಾ ತರ್ಕದ ವಿಭಾಗದಲ್ಲಿ 22 ನಿಮಿಷಗಳಿಗೆ 44 ಪ್ರಶ್ನೆಗಳಿರುವುದರಿಂದ, ಗಡಿಯಾರ ಮುಂದಿಟ್ಟುಕೊಂಡು ಅಭ್ಯಾಸ ಮಾಡದ ಜಾಣ ಮಕ್ಕಳೂ ಅಲ್ಲಿ ತಡವರಿಸುತ್ತಾರೆ. ಹೀಗಾಗಿ ಒಂದು ವರ್ಷ ಮೊದಲೇ ಕೆಲಸ ಆರಂಭವಾಗಲೇಬೇಕು.

ಇನ್ನು ಬರವಣಿಗೆ. 2026ರ ಪ್ರವೇಶದಿಂದ ಸ್ಟೇಟ್‌ಮೆಂಟ್ ಮೂರು ಪ್ರಶ್ನೆಗಳಿಗೆ ಉತ್ತರದ ರೂಪದಲ್ಲಿದೆ: ಈ ಕೋರ್ಸ್ ಏಕೆ, ಓದು ನಿಮ್ಮನ್ನು ಹೇಗೆ ಸಜ್ಜುಗೊಳಿಸಿದೆ, ಓದಿನಾಚೆ ಏನು ಮಾಡಿದ್ದೀರಿ ಮತ್ತು ಅದರಿಂದ ಏನು ಉಪಯೋಗ. ಒಟ್ಟು ಮಿತಿ 4,000 ಅಕ್ಷರಗಳು. ನಿಮ್ಮ ಮಕ್ಕಳ ಬರಹ ಒಂದೇ ತರಹ ಕಾಣುವುದಕ್ಕೆ ಕಾರಣ, ಅವರು ಮಾಡಿದ್ದನ್ನು ಪಟ್ಟಿ ಮಾಡುತ್ತಾರೆಯೇ ಹೊರತು ಕಂಡದ್ದನ್ನು ಹೇಳುವುದಿಲ್ಲ. "ವೃದ್ಧಾಶ್ರಮದಲ್ಲಿ ಸೇವೆ ಸಲ್ಲಿಸಿ ಸಹಾನುಭೂತಿ ಕಲಿತೆ" ಎಂಬ ವಾಕ್ಯವನ್ನು ಯಾರು ಬೇಕಾದರೂ ಬರೆಯಬಹುದು. ಮಾತ್ರೆ ಬೇಡವೆಂದು ಮುಖ ತಿರುಗಿಸಿದ ಅಜ್ಜಿಯನ್ನು ದಾದಿ ಒತ್ತಾಯಿಸದೆ, ಪಕ್ಕದಲ್ಲಿ ಕುಳಿತು ಕಾರಣ ಕೇಳಿದಾಗ ನುಂಗಲು ಆಗುತ್ತಿಲ್ಲವೆಂಬುದು ತಿಳಿಯಿತು ಎಂದು ಬರೆದರೆ, ಆ ವಿದ್ಯಾರ್ಥಿನಿ ಅಲ್ಲಿ ಕಣ್ಣು ತೆರೆದುಕೊಂಡಿದ್ದಳು ಎಂಬುದು ಓದುವವರಿಗೆ ಗೊತ್ತಾಗುತ್ತದೆ. ಇಂಥದ್ದನ್ನು ಅಂದಂದೇ ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವನ್ನು ದಯವಿಟ್ಟು ಈಗಲೇ ಮಾಡಿಸಿ.

ಪ್ರಶ್ನೆ: ಕರಡನ್ನು ನಾನೇ ತಿದ್ದಿ ಕೊಡಬಹುದೇ?

ಉತ್ತರ: ಬೇಡ ಸರ್. ಯುಕಾಸ್ ಪ್ರತಿಯೊಂದು ಸ್ಟೇಟ್‌ಮೆಂಟನ್ನೂ ಹಳೆಯವುಗಳೊಂದಿಗೆ ಹೋಲಿಸಿ ನೋಡುತ್ತದೆ, ಸಾಮ್ಯ ಕಂಡರೆ ವಿಶ್ವವಿದ್ಯಾಲಯಗಳಿಗೆ ತಿಳಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಬರೆದದ್ದರ ಬಗ್ಗೆ ಸಂದರ್ಶನದಲ್ಲಿ ಕೇಳಿದರೆ ಉತ್ತರಿಸಬೇಕಾದವರು ಮಕ್ಕಳೇ. ಅಂಚಿನಲ್ಲಿ "ಆಮೇಲೆ ಏನಾಯಿತು?", "ಹಾಗೆ ಏಕೆ ಅನ್ನಿಸಿತು?" ಎಂದಷ್ಟೇ ಗುರುತು ಹಾಕಿ ಹಿಂದಿರುಗಿಸಿ, ಉತ್ತರವನ್ನು ಅವರೇ ಬರೆದು ತರಲಿ.